ನೆಲದ ಹೊನ್ನು ಯಾರ ಸೊತ್ತು?

ಚನ್ನಗಿರಿ ತಾಲ್ಲೂಕಿನ ನಲ್ಲೂರಿನ ಚಹದಂಗಡಿಯಲ್ಲಿ ಕುಳಿತರೆ ಅಡಿಕೆ ಧಾರಣೆಯ ಮಾತು ಮುಗಿಯುವುದರೊಳಗೆ ನಿಧಿಯ ಮಾತು ಬರುತ್ತದೆ. ನೆಲದ ಮೇಲೆ ಹಿಡಿದರೆ ಸಾಕು, ಒಳಗಿನ ಹೊನ್ನನ್ನು ಕೂಗಿ ಹೇಳುವ ಯಂತ್ರ ಬಂದಿದೆಯಂತೆ! ಹೆಂಡತಿಯ ಓಲೆ ಅಡವಿಟ್ಟು ಅದನ್ನು ಕೊಳ್ಳಲು ಹೊರಟ ಬಂಧುಗಳಿಗೆ ನಮ್ಮದೊಂದು ಮಾತು.

ಆ ಯಂತ್ರದಲ್ಲಿ ಮಾಯೆಯಿಲ್ಲ. ತಂತಿಯ ಸುರುಳಿಯಲ್ಲಿ ವಿದ್ಯುತ್ ಹರಿದು ಅಯಸ್ಕಾಂತ ಶಕ್ತಿ ಹುಟ್ಟುತ್ತದೆ. ಲೋಹ ಎದುರಾದರೆ ಆ ಶಕ್ತಿ ಕದಲಿ ಶಬ್ದವಾಗುತ್ತದೆ. ಎತ್ತಿನ ಲಾಳಕ್ಕೂ ಸೋಡಾ ಬಾಟಲಿಯ ಮುಚ್ಚಳಕ್ಕೂ ಅದು ಕೂಗುತ್ತದೆ. ಸಣ್ಣ ನಾಣ್ಯ ಎರಡು ಗೇಣು ಕೆಳಗಿದ್ದರೆ ಸಾಮಾನ್ಯ ಯಂತ್ರಕ್ಕೆ ಗೊತ್ತೇ ಆಗದು. ಇದನ್ನು ಮಾರುವವನಿಗೆ ಮಾತ್ರ ನಿಧಿ ಖಂಡಿತ. ಅದು ನಿಮ್ಮ ಜೇಬಿನಲ್ಲಿದೆ!

ನಾಣ್ಯದ ಕಾಲವನ್ನು ಹೇಳುವುದೂ ಯಂತ್ರವಲ್ಲ. ಅದರ ಲಿಪಿ, ಚಿಹ್ನೆ, ತೂಕ, ಅದು ಸಿಕ್ಕ ಮಣ್ಣಿನ ಪದರ, ಜೊತೆಗಿದ್ದ ಮಡಕೆಯ ಚೂರು, ಇವು ಹೇಳುತ್ತವೆ. ವಿಜಯನಗರದ ವರಾಹ ಸುಮಾರು 3.4 ಗ್ರಾಂ ಚಿನ್ನ; ಅದರ ಹತ್ತರಲ್ಲೊಂದು ಪಾಲಿನ ಪುಟ್ಟ ನಾಣ್ಯವೇ ಹಣ. ಅಂಗಡಿಯ ಗಲ್ಲಾಪೆಟ್ಟಿಗೆಯಲ್ಲಿ ನಾವು ಇಂದಿಗೂ ಎಣಿಸುವುದು ಆ ಹೆಸರನ್ನೇ. ಆ ವರಾಹಗಳು ಅರಮನೆಯ ಅಂಗಳದಲ್ಲಿ ಬೆಳೆದವೇನು? ರೈತನ ಕಂದಾಯ, ನೇಕಾರನ ಮಗ್ಗದೆರೆ, ವರ್ತಕನ ಸುಂಕ ಸೇರಿ ಆದ ಹೊನ್ನು ಅದು. ಕತ್ತಲಲ್ಲಿ ಅಗೆದು ಕರಗಿಸಿದರೆ ನಾಲ್ಕು ಗ್ರಾಂ ಲೋಹ ಉಳಿಯುತ್ತದೆ; ನಮ್ಮ ಹಿರಿಯರ ದುಡಿಮೆಯ ಸಾಕ್ಷಿ ಅಳಿಯುತ್ತದೆ.

1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಇಂಜಿನಿಯರ್ ರಾಯಚೂರು ಸೀಮೆಯ ಮಸ್ಕಿಯಲ್ಲಿ ಬಂಡೆಯ ಮೇಲಿನ ಬರಹವನ್ನು ಕಂಡನು. ಅದನ್ನು ಒಡೆಯದೆ ಬೆಳಕಿಗೆ ತಂದದ್ದರಿಂದ ದೇವಾನಾಂಪ್ರಿಯನೇ ಅಶೋಕನೆಂದು ಲೋಕಕ್ಕೆ ಸಿದ್ಧವಾಯಿತು. 2019ರ ಜುಲೈಯಲ್ಲಿ ಆನೆಗೊಂದಿಯ ಬಳಿ ನವವೃಂದಾವನಕ್ಕೆ ಬಂದ ನಿಧಿಗಳ್ಳರು ವ್ಯಾಸರಾಜರ ವೃಂದಾವನವನ್ನೇ ಕೆಡವಿದರು. ಒಬ್ಬನ ಕಣ್ಣು ಚರಿತ್ರೆಯನ್ನು ಕೊಟ್ಟಿತು, ಇನ್ನೊಬ್ಬರ ಹಾರೆ ಚರಿತ್ರೆಯನ್ನು ಕೆಡವಿತು. ನಮ್ಮದೇ ತಾಲ್ಲೂಕಿನ ಸಂತೇಬೆನ್ನೂರಿನ ಪುಷ್ಕರಣಿಗೆ ನಾಳೆ ಈ ಗತಿ ಬರಬೇಕೆ?

ಕಳ್ಳರನ್ನು ಬೈದು ಸರ್ಕಾರವನ್ನು ಬಿಟ್ಟರೆ ಅರ್ಧ ಸತ್ಯವಾದೀತು. ಬ್ರಿಟಿಷರ 1878ರ ಕಾಯಿದೆ 10 ರೂಪಾಯಿಗೆ ಮೇಲ್ಪಟ್ಟ ನಿಧಿಯನ್ನು ಕಲೆಕ್ಟರರಿಗೆ ತಿಳಿಸಬೇಕೆಂದಿತು. ವಾರಸುದಾರರಿಲ್ಲದೆ, ಬೇರೆ ಕರಾರೂ ಇಲ್ಲದಿದ್ದರೆ ಕಂಡವನಿಗೆ ಮುಕ್ಕಾಲು, ನೆಲದ ಒಡೆಯನಿಗೆ ಕಾಲು ಪಾಲೆಂದಿತು. 1962ರಲ್ಲಿ ನಮ್ಮ ರಾಜ್ಯ ತನ್ನದೇ ನಿಧಿ ಕಾಯಿದೆ ಮಾಡಿತು. ಇದು ಎಷ್ಟು ಕೂಲಿಕಾರರಿಗೆ ಗೊತ್ತು? ಪಾಯ ತೋಡುವಾಗ ಗುದ್ದಲಿಗೆ ತಂಬಿಗೆ ತಗುಲಿದರೆ ಕಂಡವನು ಯಾರು, ಗುದ್ದಲಿ ಹಿಡಿದವನೋ, ನೆರಳಲ್ಲಿ ನಿಂತ ಕಂಟ್ರಾಕ್ಟರನೋ? ಹೇಳಿದರೆ ಪೊಲೀಸರ ಕಾಟ, ಮುಚ್ಚಿಟ್ಟರೆ ಜೈಲು ಎಂಬ ಭಯವಿರುವವರೆಗೆ ನಾಣ್ಯಗಳು ಅಕ್ಕಸಾಲೆಯ ಮೂಸೆಗೇ ಹೋಗುತ್ತವೆ.

ಆದ್ದರಿಂದ ನಮ್ಮ ಬೇಡಿಕೆ ಮೂರು. ಒಪ್ಪಿಸಿದ ದಿನವೇ ರಸೀತಿ ಕೊಡಿ. ಗುದ್ದಲಿ ಹಿಡಿದವನ ಹೆಸರನ್ನೇ ಬರೆದು ಅವನ ಪಾಲನ್ನು ಅವನ ಕೈಗೇ ಮುಟ್ಟಿಸಿ. ಈ ನಿಯಮವನ್ನು ಪ್ರತಿ ಪಂಚಾಯಿತಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆಸಿ.

ಗಿರಣಿಯ ಸಹೋದರರೇ, ಅಂಗಡಿಯ ಬಂಧುಗಳೇ, ಯಂತ್ರಕ್ಕೆ ಸಾಲ ಮಾಡಬೇಡಿ. ಸಿಕ್ಕಿದ್ದನ್ನು ಬಚ್ಚಿಡಬೇಡಿ, ನಾಲ್ಕು ಜನರ ಮುಂದೆ ಒಪ್ಪಿಸಿ, ಪಾಲು ಕೇಳಿ. ನೆಲದ ಹೊನ್ನು ದುಡಿದವರದು. ಅದನ್ನು ಕಾಯುವವರೂ ದುಡಿಯುವವರೇ ಆಗಬೇಕು.