ಉಸಿರಿನ ಉಪದೇಶ ಮೊದಲು ಯಾರಿಗೆ?

ಇತ್ತೀಚಿನ ವರ್ಷಗಳಲ್ಲಿ ನಮ್ಮ ಕಚೇರಿಗಳಿಗೆ ಪ್ರಾಣಾಯಾಮದ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿದೆ. ಬ್ಯಾಂಕು, ವಿಮಾ ಕಚೇರಿ, ಐರೋಲಿ-ಮಹಾಪೆಯ ಕಂಪ್ಯೂಟರ್ ಕಂಪನಿ ಎಂಬ ಭೇದವಿಲ್ಲದೆ ಶಿಬಿರಗಳು ನಡೆಯುತ್ತಿವೆ. ಎರಡು ಗಂಟೆಯ ಉಪನ್ಯಾಸ, ಹತ್ತು ನಿಮಿಷದ ಅಭ್ಯಾಸ, ಕೊನೆಗೆ ಚಹಾ-ಬಿಸ್ಕತ್ತು. ಉಸಿರನ್ನು ಗಮನಿಸಿರಿ, ಏಕಾಗ್ರತೆ ಬರುತ್ತದೆ, ಕೆಲಸದಲ್ಲಿ ತಪ್ಪು ಕಡಿಮೆಯಾಗುತ್ತದೆ ಎಂಬುದು ಅಲ್ಲಿನ ಸಾರ. ಸಂತೋಷ. ಆದರೆ ಈ ಉಪದೇಶ ಕೇಳುತ್ತ ಕುಳಿತವನು ಎಲ್ಲಿಂದ ಬಂದವನು ಎಂದು ಉಪದೇಶಕರು ಒಮ್ಮೆಯಾದರೂ ಯೋಚಿಸಿದ್ದಾರೆಯೇ?

ಅವನು ಡೊಂಬಿವಲಿಯವನು. ನಸುಕಿನಲ್ಲೆದ್ದು, ಡಬ್ಬಿ ಹಿಡಿದು, ಸಿ.ಎಸ್.ಎಂ.ಟಿ.ವರೆಗಿನ ಸುಮಾರು 48 ಕಿಲೋಮೀಟರು ಲೋಕಲ್ ಗಾಡಿಯಲ್ಲಿ ನಿಂತೇ ಬಂದವನು. ಎದೆಗೆ ಒಬ್ಬರ ಮೊಣಕೈ, ಬೆನ್ನಿಗೆ ಇನ್ನೊಬ್ಬರ ಚೀಲ. ಅಲ್ಲಿ ದೀರ್ಘಶ್ವಾಸದ ಮಾತಿರಲಿ, ಉಸಿರೆಳೆಯಲು ಎದೆ ಅರಳಿಸುವುದೇ ಕಷ್ಟ. ಆ ಡಬ್ಬಿ ಕಟ್ಟಿ, ಮಕ್ಕಳನ್ನು ಶಾಲೆಗೆ ಸಿದ್ಧಪಡಿಸಿ, ತಾನೂ ಅದೇ ಗಾಡಿ ಹಿಡಿಯುವ ಅಕ್ಕ-ತಂಗಿಯರ ಪಾಡು ಇನ್ನೂ ಒಂದು ಕೈ ಮೇಲು. 2025ರ ಜೂನ್ 9ರಂದು ಮುಂಬ್ರಾ ಬಳಿ ಕಿಕ್ಕಿರಿದ ಗಾಡಿಗಳಿಂದ ಬಿದ್ದು ಸತ್ತವರು ಏಕಾಗ್ರತೆ ಇಲ್ಲದೆ ಬಿದ್ದವರಲ್ಲ. ನಿಲ್ಲಲು ಜಾಗವಿಲ್ಲದೆ ಬಿದ್ದವರು.

ನಾನು ಪ್ರಾಣಾಯಾಮದ ವಿರೋಧಿಯಲ್ಲ. ಸಾಮಾನ್ಯವಾಗಿ ನಾವು ನಿಮಿಷಕ್ಕೆ ಹನ್ನೆರಡರಿಂದ ಹದಿನೆಂಟು ಸಲ ಉಸಿರಾಡುತ್ತೇವೆ. ಅದನ್ನು ಆರರ ಆಸುಪಾಸಿಗೆ ತಂದು, ಬಿಡುವ ಉಸಿರನ್ನು ನಿಧಾನವಾಗಿ ಬಿಟ್ಟರೆ, ಎದೆಬಡಿತ ಶಾಂತವಾಗುತ್ತದೆ. ಚದುರಿದ ಮನಸ್ಸು ಒಂದೆಡೆ ನಿಲ್ಲುತ್ತದೆ. ಲೋಣಾವಳಾದಲ್ಲಿ 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿದ ಸ್ವಾಮಿ ಕುವಲಯಾನಂದರು ಇಂಥ ಕ್ರಿಯೆಗಳನ್ನು ಯಂತ್ರಗಳಿಟ್ಟು ಪರೀಕ್ಷಿಸಲು ಆಗಲೇ ತೊಡಗಿದ್ದರು. ವಿದ್ಯೆ ಸತ್ಯವಾದದ್ದೇ. ಸುಳ್ಳಿರುವುದು ಅದನ್ನು ಮಾರುವ ರೀತಿಯಲ್ಲಿ.

ಬಿ.ಕೆ.ಎಸ್. ಅಯ್ಯಂಗಾರರನ್ನೇ ನೋಡಿರಿ. ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ 1918ರಲ್ಲಿ ಹುಟ್ಟಿ, ಮೈಸೂರಿನಲ್ಲಿ ಕಲಿತು, 1937ರಲ್ಲಿ ಪುಣೆಗೆ ಬಂದವರು. ನಮ್ಮಂತೆಯೇ ಹೊಟ್ಟೆಪಾಡಿಗೆ ಘಟ್ಟ ದಾಟಿದವರು. ಆಸನಗಳ ಮೇಲಿನ ಅವರ ಹೆಸರಾಂತ ಗ್ರಂಥ ಬಂದದ್ದು 1966ರಲ್ಲಿ, ಪ್ರಾಣಾಯಾಮದ ಗ್ರಂಥ ಬಂದದ್ದು 1981ರಲ್ಲಿ. ನಡುವೆ ಹದಿನೈದು ವರ್ಷ! ದೇಹ ಅಣಿಯಾಗದೆ ಪ್ರಾಣಾಯಾಮಕ್ಕೆ ಕೈ ಹಾಕಬಾರದೆಂದು ಅವರು ಪಟ್ಟು ಹಿಡಿದು ಹೇಳುತ್ತಿದ್ದರು. ನಮ್ಮ ಶಿಬಿರದವರೋ, ರಕ್ತದೊತ್ತಡವಿದೆಯೇ, ಹೃದ್ರೋಗವಿದೆಯೇ ಎಂದೂ ಕೇಳದೆ ಐವತ್ತು ಜನರಿಂದ ಒಟ್ಟಿಗೆ ಕಪಾಲಭಾತಿ ಮಾಡಿಸುತ್ತಾರೆ.

ಇನ್ನೊಂದು ಮುಖ್ಯ ಮಾತು. ಪತಂಜಲಿ ಹೇಳಿದ ಎಂಟು ಅಂಗಗಳಲ್ಲಿ ಪ್ರಾಣಾಯಾಮ ನಾಲ್ಕನೆಯದು. ಮನಸ್ಸನ್ನು ಒಂದೆಡೆ ನಿಲ್ಲಿಸುವ ಧಾರಣೆ ಆರನೆಯದು. ನಡುವಿನ ಐದನೆಯದು ಪ್ರತ್ಯಾಹಾರ, ಅಂದರೆ ಹೊರಗೆ ಓಡುವ ಇಂದ್ರಿಯಗಳನ್ನು ಒಳಕ್ಕೆ ಸೆಳೆದುಕೊಳ್ಳುವುದು. ಕಚೇರಿಗಳು ನಾಲ್ಕರಿಂದ ಆರಕ್ಕೆ ನೆಗೆಯಿರಿ ಎನ್ನುತ್ತವೆ, ಐದನೆಯದನ್ನು ಮಾತ್ರ ಬಿಡಗೊಡುವುದಿಲ್ಲ. ರಾತ್ರಿ ಹತ್ತಕ್ಕೂ ಸಾಹೇಬರ ಸಂದೇಶ. ಭಾನುವಾರವೂ ಮೊಬೈಲಿನ ಗಂಟೆ. ಮೊದಲ ಅಂಗವಾದ ಯಮದಲ್ಲಿ ಅಸ್ತೇಯವೂ ಸೇರಿದೆ, ಅಂದರೆ ಕದಿಯಬಾರದು. ನೌಕರನ ನಿದ್ದೆಯ ಹೊತ್ತನ್ನು ಕದ್ದವನು ಅವನಿಗೆ ಯೋಗ ಬೋಧಿಸಬಹುದೇ?

ಪರಿಸ್ಥಿತಿಯನ್ನು ದೂರುವುದು ಸೋಮಾರಿಯ ಲಕ್ಷಣ, ಮೊದಲು ನಾವು ಬದಲಾಗಬೇಕು ಎನ್ನುವವರಿದ್ದಾರೆ. ಅರ್ಧ ನಿಜ. ಬೆಳಿಗ್ಗೆ ಐದು ನಿಮಿಷ ನೆಟ್ಟಗೆ ಕುಳಿತು ನಿಧಾನವಾಗಿ ಉಸಿರಾಡಲು ಯಾರ ಅಪ್ಪಣೆಯೂ ಬೇಕಿಲ್ಲ, ಕಾಸೂ ಬೇಕಿಲ್ಲ, ಖಂಡಿತ ಮಾಡೋಣ. ಆದರೆ ಎಳೆಯುವ ಗಾಳಿ? 2016ರ ಮೇ 26ರಂದೂ 2024ರ ಮೇ 23ರಂದೂ ನಮ್ಮ ಡೊಂಬಿವಲಿಯ ಎಂ.ಐ.ಡಿ.ಸಿ.ಯಲ್ಲಿ ರಾಸಾಯನಿಕ ಕಾರ್ಖಾನೆಗಳು ಸಿಡಿದು ಜನ ಸತ್ತರು. ಕಿಟಕಿ ತೆರೆದರೆ ಘಾಟು ಬಡಿಯುವ ಮನೆಯಲ್ಲಿ ದೀರ್ಘಶ್ವಾಸವೆಂದರೆ ವಿಷವನ್ನು ಹೆಚ್ಚಾಗಿ ಎಳೆದುಕೊಂಡಂತೆ.

ಆದ್ದರಿಂದ ಬಂಧುಗಳೇ, ಮುಂದಿನ ಸಲ ಕಚೇರಿಯಲ್ಲಿ ಶಿಬಿರ ನಡೆದಾಗ ಎದ್ದು ನಿಂತು ಕೇಳೋಣ: ಕೆಲಸದ ಹೊತ್ತು ಮುಗಿದ ಮೇಲೆ ಫೋನು ನಿಲ್ಲುತ್ತದೆಯೇ? ಫ್ರಾನ್ಸಿನಲ್ಲಿ 2017ರಿಂದಲೇ ಇದಕ್ಕೊಂದು ಕಾನೂನಿದೆ. ಗಾಡಿಯ ನೂಕುನುಗ್ಗಲು ತಪ್ಪುವಂತೆ ಕೆಲಸದ ವೇಳೆಯನ್ನು ಹಿಂದುಮುಂದು ಮಾಡುತ್ತೀರಾ? ನಮ್ಮ ಸಂಘ-ಸಂಸ್ಥೆಗಳೂ ಅಷ್ಟೇ. ಜೂನ್ 21ರಂದು ಚಾಪೆ ಹಾಸಿ ಫೋಟೋ ತೆಗೆಸಿಕೊಂಡರೆ ಕರ್ತವ್ಯ ಮುಗಿಯಲಿಲ್ಲ. ಅದೇ ಸಭೆಯಲ್ಲಿ ರೈಲ್ವೆಗೂ ಮಾಲಿನ್ಯ ನಿಯಂತ್ರಣ ಮಂಡಳಿಗೂ ಒಂದೊಂದು ಮನವಿಗೆ ಸಹಿ ಹಾಕಿಸಲಿ.

ಉಸಿರಾಡಲು ನಾವು ಕಲಿಯುತ್ತೇವೆ. ಉಸಿರಾಡಲು ಬಿಡುವುದನ್ನು ಅವರೂ ಕಲಿಯಲಿ.