ನೂರು ಮೀಟರ್ ಎಂದರೆ ಎಷ್ಟು?

ಊರಿನ ಹೆಸರು ಬೇಡ. ಸರ್ಕಾರಿ ಶಾಲೆಯ ಹಿಂಬದಿ ಕಾಂಪೌಂಡಿಗೆ ಬೆನ್ನು ಕೊಟ್ಟು ಹೊಸ ಮಳಿಗೆಯೊಂದು ಎದ್ದಿದೆ. ಅಲ್ಲಿಗೆ ಬಾರ್ ಬರುತ್ತದೆಂಬ ಸುದ್ದಿ ಹಬ್ಬಿದ ದಿನದಿಂದ ತಾಯಂದಿರು ಶಾಲೆಯ ಮುಂದೆ ಕೂತಿದ್ದಾರೆ. ಮಕ್ಕಳು ಬಿಸಿಯೂಟದ ತಟ್ಟೆ ತೊಳೆಯುವ ನಲ್ಲಿಗೂ ಆ ಮಳಿಗೆಯ ಗೋಡೆಗೂ ಹತ್ತು ಹೆಜ್ಜೆ, ಹೆಚ್ಚೆಂದರೆ ಹನ್ನೆರಡು. ಅಳತೆಗೆ ಬಂದವರು ಮಾತ್ರ ಟೇಪು ಸುತ್ತಿಟ್ಟು, ‘ನೂರು ಮೀಟರ್ ದಾಟಿದೆ ತಾಯಿ, ನಿಮ್ಮ ಆಕ್ಷೇಪಣೆ ನಿಲ್ಲಲ್ಲ’ ಎಂದು ಜೀಪು ಹತ್ತಿದರು.

ಟೇಪು ಸುಳ್ಳು ಹೇಳಿಲ್ಲ. ಶಾಲೆ, ಆಸ್ಪತ್ರೆ, ಪೂಜಾಸ್ಥಳಗಳಿಂದ 100 ಮೀಟರ್ ಒಳಗೆ ಮದ್ಯದಂಗಡಿ ಕೂಡದು ಎಂದು ಕರ್ನಾಟಕದ 1967ರ ಅಬಕಾರಿ ಸನ್ನದು ನಿಯಮಗಳ 5ನೇ ನಿಯಮ ಹೇಳುತ್ತದೆ. ಅಲ್ಲಿಗೆ ನಿಲ್ಲಿಸಿದ್ದರೆ ತಕರಾರಿರಲಿಲ್ಲ. ಆದರೆ ಅಂಗಡಿ ಬಾಗಿಲಿನ ನಡುಮಧ್ಯದಿಂದ ಶಾಲೆಯ ಹತ್ತಿರದ ಗೇಟಿನ ನಡುಮಧ್ಯದವರೆಗೆ, ಜನ ನಡೆದಾಡುವ ದಾರಿಗುಂಟ ಅಳೆಯಬೇಕಂತೆ. ಬಾರಿನ ಬಾಗಿಲು ಅತ್ತ ಮುಖ ಮಾಡಿ, ಶಾಲೆಯ ಗೇಟು ಇತ್ತ ಇದ್ದರೆ ಮುಗಿಯಿತು, ಓಣಿ ಸುತ್ತಿ ಬರುವಷ್ಟರಲ್ಲಿ ನೂರು ಮೀಟರ್ ತಾನಾಗಿ ಸಿಗುತ್ತದೆ. ಬೈಗುಳಕ್ಕೆ, ವಾಸನೆಗೆ, ಗೋಡೆಯಾಚೆಯಿಂದ ಹಾರಿ ಬೀಳುವ ಖಾಲಿ ಟೆಟ್ರಾ ಪ್ಯಾಕಿಗೆ ಓಣಿ ಸುತ್ತುವ ಅಭ್ಯಾಸವಿಲ್ಲ.

ಇದೇ ದೇಶದ 2003ರ ತಂಬಾಕು ಕಾಯ್ದೆ ನೋಡಿ. ಶಿಕ್ಷಣ ಸಂಸ್ಥೆಯ ಸುತ್ತ 100 ಗಜದೊಳಗೆ ಬೀಡಿ, ಸಿಗರೇಟು, ಗುಟ್ಕಾ ಮಾರುವಂತಿಲ್ಲ. ಅಲ್ಲಿ ಅಳತೆ ಶುರುವಾಗುವುದು ಕಾಂಪೌಂಡಿನ ಹೊರ ಅಂಚಿನಿಂದ, ಸುತ್ತಲೂ ನೇರ ಗೆರೆಯಲ್ಲಿ. ಗೇಟು ಯಾವ ಕಡೆಗಿದೆ ಎಂದು ಯಾರೂ ಕೇಳುವುದಿಲ್ಲ. ಬೀಡಿ ಕಟ್ಟು ಇಟ್ಟ ಗೂಡಂಗಡಿಯ ಮುದುಕನಿಗೆ ಒಂದು ಗಣಿತ, ಲಕ್ಷಗಟ್ಟಲೆ ಸುರಿದು ಸನ್ನದು ತಂದವರಿಗೆ ಇನ್ನೊಂದು. ರಾಜ್ಯದ 2025-26ರ ಬಜೆಟ್ಟಿನಲ್ಲಿ ಅಬಕಾರಿಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಗುರಿ ಅಷ್ಟಿರುವಾಗ ಟೇಪು ಯಾವ ಕಡೆ ವಾಲುತ್ತದೆಂದು ಬಿಡಿಸಿ ಹೇಳಬೇಕೆ?

ಪಾನನಿಷೇಧದ ವಾದ ನಮ್ಮದಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದ ಸಾವಿರಾರು ಹೆಣ್ಣುಮಕ್ಕಳು ಅದನ್ನು ಕೇಳಿದ್ದರು, ಬರಿಗೈಯಲ್ಲಿ ಹಿಂತಿರುಗಿದರು. ಇಲ್ಲಿ ಕೇಳುತ್ತಿರುವುದು ತೀರಾ ಸಣ್ಣದು: ಮದ್ಯಕ್ಕೂ ತಂಬಾಕಿನ ಅಳತೆಯನ್ನೇ ಹಾಕಿ. ಇದಕ್ಕೆ ನಿಯಮದ ಒಂದು ವಾಕ್ಯ ತಿದ್ದಿದರೆ ಸಾಕು. ಇನ್ನು ಮನಸ್ಸಿದ್ದರೆ ಮಹಾರಾಷ್ಟ್ರದಿಂದಲೂ ಕಲಿಯಬಹುದು. ಅಲ್ಲಿ ಊರಿನ ಹೆಂಗಸರು ಅರ್ಜಿ ಕೊಟ್ಟರೆ ಮತದಾನವೇ ನಡೆಯುತ್ತದೆ, ಚೀಟಿಯಲ್ಲಿ ನಿಂತ ಬಾಟಲಿ, ಮಲಗಿದ ಬಾಟಲಿ. ಹೆಣ್ಣು ಮತದಾರರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬಾಟಲಿ ಮಲಗಿಸಿದರೆ ಅಂಗಡಿಗೆ ಬೀಗ. ನಮ್ಮಲ್ಲಿ ಗ್ರಾಮಸಭೆಯ ಠರಾವು ಫೈಲಿನೊಳಗೆ ಮಲಗುತ್ತದೆ.

ಆ ಊರಿನ ಶಾಲಾಭಿವೃದ್ಧಿ ಸಮಿತಿಯವರು ಈಗ ತಾವೇ ದಾರಿ ಹುಡುಕಿಕೊಂಡಿದ್ದಾರೆ. ಶಾಲೆಯ ಹಿಂಗೋಡೆ ಒಡೆದು, ಮಳಿಗೆಯ ಪಕ್ಕಕ್ಕೇ ಒಂದು ಪುಟ್ಟ ಗೇಟು ಇಡುವುದಂತೆ. ಆಗ ಅಳತೆ ಇಪ್ಪತ್ತು ಮೀಟರಿಗೆ ಇಳಿಯುತ್ತದೆ. ಬಾರನ್ನು ದೂರ ಅಟ್ಟಲು ಮಕ್ಕಳ ಬಾಗಿಲನ್ನು ಅದರ ಮುಂದೆಯೇ ತೆರೆಯಬೇಕು. ಗಾರೆಯವನನ್ನು ಕರೆಸಿದ್ದಾರೆ, ಸೋಮವಾರ ಬರುತ್ತಾನೆ.