ಮೋಟೋಕ್ರಾಸ್ ಚರಿತ್ರೆ ಮರೆತ ನೆಲ

1924ರ ಮಾರ್ಚ್ ತಿಂಗಳಲ್ಲಿ ಇಂಗ್ಲೆಂಡಿನ ಕ್ಯಾಂಬರ್ಲಿ ಊರಿನ ಕುರುಚಲು ಬಯಲಿನಲ್ಲಿ ಮೋಟಾರ್‌ಸೈಕಲ್ ಪಂದ್ಯವೊಂದು ನಡೆಯಿತು. ಅದಕ್ಕೆ ಮಾದರಿಯಾಗಿದ್ದ ಯಾರ್ಕ್‌ಷೈರಿನ ಸ್ಕಾಟ್ ಟ್ರಯಲ್‌ನಲ್ಲಿ ಕಾಲೂರದೆ ಸಾಗುವ ಕುಶಲತೆಗೂ ಅಂಕಗಳಿದ್ದವು. ಕ್ಯಾಂಬರ್ಲಿಯಲ್ಲಿ ವೇಗವೊಂದೇ ಮಾನದಂಡವಾಯಿತು. ಸ್ಕ್ರ್ಯಾಂಬಲ್ ಎಂದು ಹೆಸರಾದ ಈ ಆಟ ಫ್ರಾನ್ಸ್, ಬೆಲ್ಜಿಯಂಗಳಿಗೆ ಹಬ್ಬಿ ಮೋಟೋಕ್ರಾಸ್ ಎನಿಸಿಕೊಂಡಿತು. 1957ರಲ್ಲಿ 500 ಸಿಸಿ ವಿಭಾಗಕ್ಕೆ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಯಿತು.

ಆ ಕಾಲದ ಬಿಎಸ್‌ಎ ಗೋಲ್ಡ್‌ಸ್ಟಾರ್‌ನಂತಹ ನಾಲ್ಕು ಸ್ಟ್ರೋಕಿನ ಯಂತ್ರಗಳು ಬಲು ಭಾರ. ಸ್ವೀಡನ್ನಿನ ಹಸ್ಕ್ವರ್ನಾ ಕಂಪನಿಯ ಹಗುರವಾದ ಎರಡು ಸ್ಟ್ರೋಕಿನ ಬೈಕಿನಲ್ಲಿ ಟಾರ್ಸ್ಟನ್ ಹಾಲ್ಮನ್ 1962ರಲ್ಲಿ 250 ಸಿಸಿ ವಿಶ್ವ ಚಾಂಪಿಯನ್ ಆದರು. 1966ರಲ್ಲಿ ಪೂರ್ವ ಜರ್ಮನಿಯ ಪಾಲ್ ಫ್ರೀಡ್ರಿಕ್ಸ್ ಚೆಕ್ ನಿರ್ಮಿತ ಸಿಝಡ್ ಬೈಕಿನಲ್ಲಿ 500 ಸಿಸಿ ಕಿರೀಟವನ್ನೂ ಗೆದ್ದಾಗ ನಾಲ್ಕು ಸ್ಟ್ರೋಕಿನ ಯುಗ ಮುಗಿಯುತ್ತ ಬಂದಿತ್ತು. ಈ ಸಿಝಡ್ ನಮಗೆ ತೀರ ಅಪರಿಚಿತವೇನಲ್ಲ. ಅದು ಜಾವಾದ ಒಡನಾಡಿ ಸಂಸ್ಥೆ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿಗಳ ದೂರದ ನೆಂಟ.

1973ರಲ್ಲಿ ಯಮಹಾ ಒಂಟಿ ಶಾಕ್ ಅಬ್ಸಾರ್ಬರಿನ ಬೈಕನ್ನು ಕಣಕ್ಕಿಳಿಸಿತು. ಅಲ್ಲಿಯವರೆಗೆ ನಾಲ್ಕು ಇಂಚಿನಷ್ಟು ಮೇಲೆ ಕೆಳಗೆ ಆಡುತ್ತಿದ್ದ ಹಿಂದಿನ ಗಾಲಿ ಹತ್ತೇ ವರ್ಷಗಳಲ್ಲಿ ಹನ್ನೆರಡು ಇಂಚಿನವರೆಗೂ ಆಡುವಂತಾಯಿತು. ಉಬ್ಬುತಗ್ಗು ಎದುರಾದಾಗ ವೇಗ ತಗ್ಗಿಸಲೇಬೇಕಾದ ಒತ್ತಾಯ ಸವಾರನಿಗೆ ಉಳಿಯಲಿಲ್ಲ. ಅಭಿಮಾನಿಗಳು ಬರೆಯುವ ಚರಿತ್ರೆ ಇದನ್ನು ವಿಜಯವೆಂದೇ ಕೊಂಡಾಡುತ್ತದೆ. ಆದರೆ ಸವಾರನನ್ನು ತಡೆಯುತ್ತಿದ್ದ ಕೊನೆಯ ಕಾವಲು ನೆಲದ ಒರಟುತನವೇ ಆಗಿತ್ತು. ತಂತ್ರಜ್ಞಾನ ಸೋಲಿಸಿದ್ದು ಅದನ್ನು.

ಇದರ ಪರಿಣಾಮ ಮೊದಲು ಕಂಡದ್ದು ಅಮೆರಿಕದಲ್ಲಿ. ಹಾಲ್ಮನ್ 1966ರಲ್ಲಿ ಅಲ್ಲಿ ಪ್ರದರ್ಶನ ನೀಡಿದ ಬಳಿಕ ಈ ಬೈಕುಗಳ ಹುಚ್ಚು ಹಬ್ಬಿತು. ಕಟ್ಟಿದ ಪಥದೊಳಗಿನ ಮೋಟೋಕ್ರಾಸಿಗೆ ರೂಪಿಸಿದ ಯಂತ್ರ ತೆರೆದ ಮರುಭೂಮಿಗೂ ನುಗ್ಗಿತು. 1967ರಲ್ಲಿ ಆರಂಭವಾದ ಬಾರ್‌ಸ್ಟೋ–ಲಾಸ್ ವೇಗಾಸ್ ಓಟದಲ್ಲಿ 1974ರ ಹೊತ್ತಿಗೆ ಸುಮಾರು 3,000 ಸವಾರರು ಮೊಹಾವಿ ಮರುಭೂಮಿಯನ್ನು ಸೀಳಿ ಸಾಗಿದರು. ಸಾರ್ವಜನಿಕ ಭೂಮಿಯಲ್ಲಿ ಇಂತಹ ವಾಹನಗಳನ್ನು ನಿಯಂತ್ರಿಸುವ ಆದೇಶವನ್ನು ಅಧ್ಯಕ್ಷ ನಿಕ್ಸನ್ 1972ರಲ್ಲೇ ಹೊರಡಿಸಿದ್ದರು. 1975ರಲ್ಲಿ ಓಟಕ್ಕೆ ಅನುಮತಿ ನಿರಾಕರಿಸಲಾಯಿತು. 1983ರಲ್ಲಿ ಮರಳಿ ಆರಂಭವಾದದ್ದು 1989ರ ನಂತರ ನಿಂತಿತು. ಮರುವರ್ಷ ಅಲ್ಲಿನ ಮರುಭೂಮಿ ಆಮೆ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು.

ಗಾಲಿ ಮಣ್ಣಿಗೆ ಮಾಡುವುದೇನು? ಕಣಗಳ ನಡುವಿನ ರಂಧ್ರಗಳು ಮುಚ್ಚಿ ನೆಲ ಬಿಗಿಯುತ್ತದೆ. ನೀರು ಇಂಗದು, ಬೇರು ಇಳಿಯದು. 1942ರಲ್ಲಿ ಸೈನಿಕ ತರಬೇತಿಗಾಗಿ ಮೊಹಾವಿಯಲ್ಲಿ ಓಡಿದ ಟ್ಯಾಂಕುಗಳ ಜಾಡು ಹಲವು ದಶಕಗಳ ಬಳಿಕವೂ ಕಾಣುತ್ತಿತ್ತು. ಅದು ಮಳೆಯೇ ಅಪರೂಪವಾದ ನಾಡು. ಇಳಿಜಾರಿನ ಮೇಲೆ ಧೋ ಎಂದು ಸುರಿಯುವ ನಾಡಿನಲ್ಲಾದರೆ ಗೆರೆಯಂತಿದ್ದ ಜಾಡು ಮೊದಲ ಮುಂಗಾರಿಗೇ ಕಾಲುವೆಯಾಗುತ್ತದೆ. ಮೇಲ್ಮಣ್ಣು ಹಳ್ಳ ಸೇರುತ್ತದೆ.

ಹಾಗೆಂದು ಆಟವನ್ನೇ ನಿಷೇಧಿಸಬೇಕೆನ್ನುವುದು ದುಡುಕು. ಇಂಗ್ಲೆಂಡಿನ ನಿಯಮ ಗಮನಾರ್ಹ: ಯೋಜನಾ ಅನುಮತಿ ಪಡೆಯದೆ ಒಂದು ಜಮೀನಿನಲ್ಲಿ ಮೋಟಾರ್ ಪಂದ್ಯ ನಡೆಸಲು ವರ್ಷಕ್ಕೆ 14 ದಿನ ಮಾತ್ರ ಅವಕಾಶ, ವೈಜ್ಞಾನಿಕ ಮಹತ್ವದ್ದೆಂದು ರಕ್ಷಿಸಿದ ತಾಣಗಳಲ್ಲಿ ಆ ವಿನಾಯಿತಿಯೂ ಇಲ್ಲ. ಹಳೆಯ ಬೈಕುಗಳ ಅಮೆರಿಕದ ಪಂದ್ಯಗಳಲ್ಲಂತೂ 'ಕ್ಲಾಸಿಕ್' ವಿಭಾಗದ ಹಿಂದಿನ ಗಾಲಿಯ ಆಟ ಇಂದಿಗೂ ನಾಲ್ಕು ಇಂಚು ಮೀರುವಂತಿಲ್ಲ. ಕಾರಣ ಪರಿಸರ ಕಾಳಜಿಯಲ್ಲ, ಹಳೆಯ ಯಂತ್ರದ ಮೇಲಿನ ಪ್ರೀತಿ. ಆದರೂ ಯಂತ್ರಕ್ಕೆ ಮಿತಿ ಹಾಕಿಯೂ ಆಟದ ಸೊಗಸು ಉಳಿಯುತ್ತದೆಂದು ಅವರೇ ತೋರಿಸಿಕೊಟ್ಟಿದ್ದಾರೆ.

ಮಲೆನಾಡಿನ ಬ್ಯಾಣ, ಗುಡ್ಡಗಳ ಮೇಲೆ ಬೈಕು ಹತ್ತಿಸಲು ಹೊರಟವರನ್ನು ಗ್ರಾಮಸಭೆ ಕೇಳಬೇಕಾದ ಪ್ರಶ್ನೆಗಳೂ ಇವೇ. ನೆಲ ಯಾರದು, ವರ್ಷಕ್ಕೆ ಎಷ್ಟು ದಿನ, ಬಿದ್ದ ಜಾಡನ್ನು ಮಳೆಗೆ ಮುನ್ನ ಮುಚ್ಚುವವರು ಯಾರು? ಉತ್ತರ ಬರಹದಲ್ಲಿರಲಿ, ಬಾಯಿಮಾತಿನ ಭರವಸೆ ಜೂನ್ ತಿಂಗಳಲ್ಲಿ ಸಿಗುವುದಿಲ್ಲ.